ಕೊರೊನಾ ಬ್ಯಾಚ್: ಬೀಗ ಬಿದ್ದ ಕಾಲೇಜು, ಓಟ ಕಿತ್ತ ಸಂಶೋಧನೆ

ಭಾರತದಲ್ಲಿ ಕೊರೊನಾ ಮೊದಲು ಕಾಣಿಸಿಕೊಂಡದ್ದು ಯಾರಲ್ಲಿ ಅಂತ ಕೇಳಿದರೆ ಹೆಚ್ಚಿನವರು ವಿದೇಶ ಸುತ್ತಿ ಬಂದ ಯಾವನೋ ವ್ಯಾಪಾರಿ, ಇಲ್ಲವೇ ಬೆಂಗಳೂರಿನ ಟೆಕ್ಕಿ ಅಂತ ಹೇಳುತ್ತಾರೆ. ಅಲ್ಲ. ಮೊದಲ ಮೂವರೂ ವಿದ್ಯಾರ್ಥಿಗಳು. ಚೀನಾದ ವುಹಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದು, ಕೇರಳದ ತಮ್ಮ ಊರುಗಳಿಗೆ ಮರಳಿದ್ದವರು. 2020ರ ಜನವರಿ 30ರಂದು ತ್ರಿಶೂರಿನಲ್ಲಿ ಮೊದಲ ಪ್ರಕರಣ ಪತ್ತೆಯಾಯಿತು. ನಾಲ್ಕೈದು ದಿನದೊಳಗೆ ಆಲಪ್ಪುಳದಲ್ಲಿ ಎರಡನೆಯದು, ನಮ್ಮ ಮಂಗಳೂರಿನ ಪಕ್ಕದ ಕಾಸರಗೋಡಿನಲ್ಲಿ ಮೂರನೆಯದು. ಮೂವರೂ ಗುಣವಾದರು. ಆದರೆ ಓದಿಗೆ ಮರಳುವ ಅವರ ದಾರಿ ಎರಡೂವರೆ ವರ್ಷ ಮುಚ್ಚಿಹೋಯಿತು.

ಕೊರೊನಾ ಅಂದರೆ ನಮಗೆ ನೆನಪಾಗುವುದು ಆಸ್ಪತ್ರೆ, ಆಕ್ಸಿಜನ್, ನಡೆದುಕೊಂಡೇ ಊರು ಸೇರಿದ ಕಾರ್ಮಿಕರು. ಅದು ಸರಿಯೇ. ಆದರೆ ಅದೇ ಹೊತ್ತಿನಲ್ಲಿ ವಿಶ್ವವಿದ್ಯಾಲಯ ಎಂಬ ವ್ಯವಸ್ಥೆಯೂ ಬುಡಮೇಲಾಯಿತು. ಕಲಿಸುವ ಕೆಲಸ ನಿಂತಿತು, ಹುಡುಕುವ ಕೆಲಸ ಹಿಂದೆಂದೂ ಕಾಣದ ವೇಗ ಪಡೆಯಿತು. ಇವೆರಡೂ ಒಂದೇ ಕಾಂಪೌಂಡಿನೊಳಗೆ ನಡೆದವು. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ರಾಜ್ಯದಿಂದಲೇ ಶುರು ಮಾಡೋಣ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿ ಅರೇಬಿಯಾದಿಂದ ಮರಳಿದ್ದವರು. ಎರಡು ದಿನದ ನಂತರ ಪ್ರಯೋಗಾಲಯದ ವರದಿ ಬಂದಾಗ ಅದು ದೇಶದ ಮೊದಲ ಕೋವಿಡ್ ಸಾವು ಅಂತ ದಾಖಲಾಯಿತು. ಮಾರ್ಚ್ 13ರಂದು ಮುಖ್ಯಮಂತ್ರಿ ಯಡಿಯೂರಪ್ಪ ಮಾಲ್, ಸಿನಿಮಾ ಮಂದಿರ, ಪಬ್ಬು ಮತ್ತು ವಿಶ್ವವಿದ್ಯಾಲಯಗಳನ್ನು ಒಂದು ವಾರ ಮುಚ್ಚುವುದಾಗಿ ಪ್ರಕಟಿಸಿದರು. ಪಬ್ಬು ಮತ್ತು ವಿಶ್ವವಿದ್ಯಾಲಯ ಒಂದೇ ಪಟ್ಟಿಯಲ್ಲಿ ಬಂದದ್ದು ಬಹುಶಃ ಅದೇ ಮೊದಲು.

ಒಂದು ವಾರ ಅಂದರು. ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಎಂಟು ತಿಂಗಳು.

ನಮ್ಮ ಬಳಗದಲ್ಲಿ ಆಗ ಪದವಿ ಓದುತ್ತಿದ್ದವರೂ ಇದ್ದೇವೆ, ಎಂ.ಎ. ಮಾಡುತ್ತಿದ್ದವರೂ ಇದ್ದೇವೆ. ಒಂದು ವಾರವಲ್ಲವೇ ಅಂತ ಎರಡು ಜೊತೆ ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದ್ದೆವು. ಪುಸ್ತಕ, ನೋಟ್ಸು, ಹಾಸಿಗೆ ಎಲ್ಲ ಹಾಸ್ಟೆಲಿನ ಕೋಣೆಯಲ್ಲೇ ಉಳಿದವು. ಆಮೇಲೆ ಎಷ್ಟೋ ಊರುಗಳಲ್ಲಿ ಹಾಸ್ಟೆಲುಗಳನ್ನೇ ಕ್ವಾರಂಟೈನ್ ಕೇಂದ್ರ ಮಾಡಿದರು. ನಮ್ಮ ಮಂಚದ ಮೇಲೆ ಮುಂಬೈಯಿಂದ ಬಂದವರು ಹದಿನಾಲ್ಕು ದಿನ ಮಲಗಿ ಹೋದರು. ಇದನ್ನು ದೂರು ಅಂತ ಹೇಳುತ್ತಿಲ್ಲ, ಅವರಿಗೂ ಎಲ್ಲಾದರೂ ಮಲಗಬೇಕಿತ್ತು.

ತರಗತಿ ಆನ್‌ಲೈನ್ ಆಯಿತು. ಹೇಳುವುದು ಸುಲಭ. ಕೊರೊನಾಗಿಂತ ಮುಂಚೆ, 2017-18ರಲ್ಲಿ, ಕೇಂದ್ರ ಸರ್ಕಾರವೇ ಮಾಡಿಸಿದ್ದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕ ಹೀಗಿತ್ತು: ಗ್ರಾಮೀಣ ಭಾರತದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ 4.4, ಇಂಟರ್ನೆಟ್ ಸೌಲಭ್ಯ ಇದ್ದ ಮನೆಗಳು ನೂರಕ್ಕೆ 14.9. ಅಂದರೆ ನೂರು ಮನೆಯ ಹಳ್ಳಿಯಲ್ಲಿ ಕಂಪ್ಯೂಟರ್ ಇದ್ದದ್ದು ನಾಲ್ಕೈದು ಮನೆಯಲ್ಲಿ. ಅದೇ ಹಳ್ಳಿಯ ವಿದ್ಯಾರ್ಥಿಗೆ ಬೆಳಗ್ಗೆ ಹತ್ತಕ್ಕೆ ವಿಡಿಯೋ ಕ್ಲಾಸಿಗೆ ಹಾಜರಾಗು ಅಂತ ಹೇಳಲಾಯಿತು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನು, ಅದನ್ನು ಅಪ್ಪ ಗದ್ದೆಗೆ ಒಯ್ದರೆ ಹಾಜರಿ ಹೋಯಿತು. ಅಣ್ಣ ತಂಗಿ ಇಬ್ಬರೂ ಓದುತ್ತಿದ್ದರೆ ಫೋನು ಯಾರ ಕೈಗೆ ಹೋಯಿತು ಅನ್ನುವುದು ಓದುವ ನಿಮಗೆಲ್ಲ ಗೊತ್ತೇ ಇದೆ. ಬಹುಪಾಲು ಅಣ್ಣನ ಕೈಗೆ.

ಮಲೆನಾಡು, ಕರಾವಳಿಯಲ್ಲಂತೂ ಗುಡ್ಡದ ತುದಿಯೇ ಕ್ಲಾಸ್‌ರೂಮ್ ಆಯಿತು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಚಿತ್ರ ದೇಶವೆಲ್ಲ ಸುತ್ತಿತು. ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಮಗಳು ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಆ ಹುಡುಗಿ ಎಸ್ಸೆಸ್ಸೆಲ್ಸಿ ಓದುತ್ತಿದ್ದವಳು. ಹೊಗಳಿಕೆಯ ಮಾತುಗಳು ಬಂದಷ್ಟು ಬೇಗ ಟವರುಗಳು ಬರಲಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಅಂತ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳು ಬೋರ್ಡು ಹಾಕಿದ್ದೂ ಅದೇ ಕಾಲದಲ್ಲಿ.

ಇನ್ನು ಪರೀಕ್ಷೆ. 2020ರ ಏಪ್ರಿಲ್ ಕೊನೆಗೆ ಯುಜಿಸಿ ಒಂದು ಮಾರ್ಗಸೂಚಿ ಕೊಟ್ಟಿತು. ನಡುವಿನ ಸೆಮಿಸ್ಟರ್‌ಗಳ ವಿದ್ಯಾರ್ಥಿಗಳನ್ನು ಪರೀಕ್ಷೆ ನಡೆಸಲಾಗದಿದ್ದರೆ ಅರ್ಧ ಆಂತರಿಕ ಅಂಕ, ಅರ್ಧ ಹಿಂದಿನ ಸೆಮಿಸ್ಟರ್‌ನ ಅಂಕ ಹಿಡಿದು ಪಾಸು ಮಾಡಬಹುದು ಅಂತ. ಕರ್ನಾಟಕವೂ ಜುಲೈನಲ್ಲಿ ಅದೇ ದಾರಿ ಹಿಡಿಯಿತು. ಆದರೆ ಅಂತಿಮ ವರ್ಷದವರಿಗೆ ಪರೀಕ್ಷೆ ಕಡ್ಡಾಯ, ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಿ ಅಂತ ಜುಲೈ 6ರಂದು ಯುಜಿಸಿ ಹೇಳಿತು. ಸೋಂಕು ಏರುತ್ತಿದ್ದ ಹೊತ್ತು ಅದು. ಕೆಲವು ರಾಜ್ಯಗಳು ಪರೀಕ್ಷೆಯನ್ನೇ ರದ್ದು ಮಾಡಿದ್ದವು. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ 28ರಂದು ತೀರ್ಪು ಬಂತು: ರಾಜ್ಯಗಳು ಗಡುವು ಮುಂದೂಡಲು ಕೇಳಬಹುದು, ಆದರೆ ಪರೀಕ್ಷೆಯಿಲ್ಲದೆ ಪದವಿ ಕೊಡುವಂತಿಲ್ಲ.

ಆ ತೀರ್ಪಿನ ಸರಿತಪ್ಪಿನ ಬಗ್ಗೆ ನಮ್ಮ ಬಳಗದಲ್ಲೇ ಇವತ್ತಿಗೂ ಒಮ್ಮತವಿಲ್ಲ. ಪರೀಕ್ಷೆಯಿಲ್ಲದ ಪದವಿಗೆ ಬೆಲೆಯಿಲ್ಲ ಅನ್ನುವುದು ಒಂದು ವಾದ. ಬಸ್ಸಿಲ್ಲದ ಊರಿನಿಂದ, ಮುಚ್ಚಿದ ಹಾಸ್ಟೆಲಿಗೆ ಬಂದು ಪರೀಕ್ಷೆ ಬರೆಯುವವನಿಗೂ, ಪರೀಕ್ಷಾ ಕೇಂದ್ರದ ಪಕ್ಕದ ಬೀದಿಯವನಿಗೂ ಒಂದೇ ಅಳತೆ ಹೇಗೆ ಅನ್ನುವುದು ಇನ್ನೊಂದು ವಾದ. ನಮ್ಮಲ್ಲಿ ಹೆಚ್ಚಿನವರು ಎರಡನೆಯ ಕಡೆಗಿದ್ದೇವೆ.

ಕಲಿಕೆಯ ಕಥೆ ಹೀಗೆ ಕುಂಟುತ್ತಿದ್ದಾಗ ಸಂಶೋಧನೆಯ ಲೋಕದಲ್ಲಿ ಏನಾಗುತ್ತಿತ್ತು?

ಮೊದಲು ನೂರು ವರ್ಷ ಹಿಂದಿನ ಮಾತು. 1918ರ ಇನ್‌ಫ್ಲುಯೆಂಜಾ ಭಾರತ ಒಂದರಲ್ಲೇ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಆಗಿನ ಹಲವು ವಿಜ್ಞಾನಿಗಳು ಅದು ಒಂದು ಬ್ಯಾಕ್ಟೀರಿಯಾದ ಕೆಲಸ ಅಂತ ತಿಳಿದು ಅದರ ಬೆನ್ನು ಹತ್ತಿದ್ದರು. ಮನುಷ್ಯರಲ್ಲಿ ಫ್ಲೂ ತರುವುದು ವೈರಸ್ ಅಂತ ಲಂಡನ್ನಿನಲ್ಲಿ ಸಾಬೀತಾದದ್ದು 1933ರಲ್ಲಿ. ಹದಿನೈದು ವರ್ಷ ಬೇಕಾಯಿತು.

ಈಗ 2020. ವುಹಾನ್‌ನಲ್ಲಿ ವಿಚಿತ್ರ ನ್ಯುಮೋನಿಯಾ ಇದೆ ಅಂತ ಜಗತ್ತಿಗೆ ತಿಳಿದದ್ದು 2019ರ ಡಿಸೆಂಬರ್ 31ಕ್ಕೆ. ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ಜಾಂಗ್ ಯೊಂಗ್‌ಜೆನ್ ಎಂಬ ವಿಜ್ಞಾನಿಗೆ ರೋಗಿಯ ಮಾದರಿ ತಲುಪಿದ್ದು ಜನವರಿ 3ಕ್ಕೆ. ಎರಡೇ ದಿನದಲ್ಲಿ ಅವರ ತಂಡ ವೈರಸ್ಸಿನ ಇಡೀ ವಂಶಲಿಪಿಯನ್ನು, ಸುಮಾರು 30 ಸಾವಿರ ಅಕ್ಷರಗಳನ್ನು, ಓದಿ ಮುಗಿಸಿತು. ಪ್ರಕಟಿಸಬೇಡಿ ಅಂತ ಮೇಲಿನಿಂದ ಒತ್ತಡವಿತ್ತು. ಜನವರಿ 11ರಂದು ಆಸ್ಟ್ರೇಲಿಯಾದ ಗೆಳೆಯ ಎಡ್ವರ್ಡ್ ಹೋಮ್ಸ್ ಮೂಲಕ ಜಾಂಗ್ ಅದನ್ನು ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಹಾಕಿಸಿದರು. ಮರುದಿನವೇ ಅವರ ಪ್ರಯೋಗಾಲಯಕ್ಕೆ 'ಸರಿಪಡಿಸುವ' ಹೆಸರಿನಲ್ಲಿ ಬೀಗ ಬಿತ್ತು. ಆದರೆ ಅಷ್ಟೊತ್ತಿಗೆ ಹಕ್ಕಿ ಹಾರಿಯಾಗಿತ್ತು. ಅದೇ ವಾರ ಅಮೆರಿಕದ ಮಾಡರ್ನಾ ಕಂಪನಿ ಆ ಅಕ್ಷರಗಳನ್ನೇ ನೋಡಿಕೊಂಡು ಲಸಿಕೆಯ ನಕ್ಷೆ ತಯಾರಿಸಿತು. ವೈರಸ್ಸಿನ ಒಂದು ಹನಿಯನ್ನೂ ಮುಟ್ಟದೆ!

ದಿನವೂ ಟಿವಿಯಲ್ಲಿ ಎಷ್ಟು ಸೋಂಕು, ಎಷ್ಟು ಸಾವು ಅಂತ ಕೆಂಪು ಚುಕ್ಕೆಗಳ ಜಗತ್ತಿನ ನಕ್ಷೆ ತೋರಿಸುತ್ತಿದ್ದರಲ್ಲ, ನೆನಪಿದೆಯೇ? ಅದನ್ನು ಮಾಡಿದ್ದು ಯಾವ ಸರ್ಕಾರವೂ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಎನ್‌ಶೆಂಗ್ ಡೋಂಗ್ ಎಂಬ ವಿದ್ಯಾರ್ಥಿ ಮತ್ತು ಅವನ ಗೈಡ್ ಲಾರೆನ್ ಗಾರ್ಡ್ನರ್. 2020ರ ಜನವರಿ 22ರಂದು ಶುರುವಾದ ಆ ನಕ್ಷೆಯನ್ನು ಆಮೇಲೆ ಸರ್ಕಾರಗಳೂ ಪತ್ರಿಕೆಗಳೂ ನೋಡಿ ನೋಡಿ ಬರೆದುಕೊಂಡವು. ಅದು ನಿಂತದ್ದು 2023ರ ಮಾರ್ಚ್ 10ಕ್ಕೆ.

ವೇಗಕ್ಕೆ ಬೆಲೆಯೂ ತೆರಬೇಕಾಯಿತು. ಇದು ನಮ್ಮಂಥ ಪತ್ರಿಕೋದ್ಯಮದವರು ಬಿಡಿಸಿ ಹೇಳಲೇಬೇಕಾದ ವಿಷಯ.

ಸಾಮಾನ್ಯವಾಗಿ ಒಬ್ಬ ಸಂಶೋಧಕ ಪ್ರಬಂಧ ಬರೆದರೆ ಅದನ್ನು ಅದೇ ವಿಷಯದ ಬೇರೆ ತಜ್ಞರು ಓದಿ, ತಪ್ಪು ಹಿಡಿದು, ತಿದ್ದಿಸಿ, ಆಮೇಲೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಲಿನ ಡೇರಿಯಲ್ಲಿ ಡಿಗ್ರಿ ನೋಡಿ, ಫ್ಯಾಟ್ ನೋಡಿ, ಆಮೇಲೆ ಕ್ಯಾನಿಗೆ ಹೊಯ್ಯುವುದಿಲ್ಲವೇ, ಹಾಗೆ. ಈ ಪರೀಕ್ಷೆಗೆ ಮುಂಚೆಯೇ ಪ್ರಬಂಧವನ್ನು ಇಂಟರ್ನೆಟ್ಟಿಗೆ ಹಾಕುವುದಕ್ಕೆ ಪ್ರಿಪ್ರಿಂಟ್ ಅನ್ನುತ್ತಾರೆ. ಭೌತಶಾಸ್ತ್ರದವರು 1991ರಿಂದಲೂ ಇದನ್ನು ಮಾಡುತ್ತಿದ್ದರು. ವೈದ್ಯಕೀಯದವರಿಗೆ ಭಯವಿತ್ತು, ಅವರ ಪ್ರಿಪ್ರಿಂಟ್ ತಾಣ ಮೆಡ್‌ಆರ್ಕೈವ್ ಶುರುವಾದದ್ದೇ 2019ರ ಜೂನ್‌ನಲ್ಲಿ. ಆರು ತಿಂಗಳಿಗೆ ಕೊರೊನಾ ಬಂತು. ಕಾಯಲು ಸಮಯವಿಲ್ಲ, ಸಿಕ್ಕಿದ್ದನ್ನು ಕೂಡಲೇ ಹಂಚಿ ಅನ್ನುವುದೇ ರೂಢಿಯಾಯಿತು.

ಎಡವಿದ್ದೂ ಬೇಗ. 2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು, ಹೊಸ ವೈರಸ್ಸಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಅಂತ ಪ್ರಿಪ್ರಿಂಟ್ ಹಾಕಿತು. ಅಂಥ ತುಣುಕು ಬೇರೆ ನೂರಾರು ಜೀವಿಗಳಲ್ಲೂ ಸಿಗುತ್ತದೆ ಅಂತ ಜಗತ್ತಿನ ತಜ್ಞರು ತೋರಿಸಿದರು. ಎರಡೇ ದಿನದಲ್ಲಿ ತಂಡ ಪ್ರಬಂಧವನ್ನು ವಾಪಸ್ ಪಡೆಯಿತು. ವಿಜ್ಞಾನದ ಮಟ್ಟಿಗೆ ಇದು ಒಳ್ಳೆಯದೇ: ತಪ್ಪು ಬೇಗ ಸಿಕ್ಕಿತು, ಬೇಗ ತಿದ್ದಿತು. ಆದರೆ ವಾಟ್ಸ್ಯಾಪ್‌ನಲ್ಲಿ ವಾಪಸ್ ಪಡೆಯುವ ಪದ್ಧತಿಯಿಲ್ಲ. ಲ್ಯಾಬಿನಲ್ಲಿ ಏಡ್ಸ್ ಬೆರೆಸಿ ಮಾಡಿದ ವೈರಸ್ಸು ಎಂಬ ಮಾತು ಆಮೇಲೂ ಹಳ್ಳಿ ಕಟ್ಟೆಗಳಲ್ಲಿ ಬಹಳ ಕಾಲ ಓಡಾಡಿತು.

ಪರಿಶೀಲನೆ ಆದ ಮೇಲೂ ಮೋಸ ಹೋದದ್ದುಂಟು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಗದ್ದಲ ನಿಮಗೆ ನೆನಪಿರಬಹುದು. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ಲೆಕ್ಕ ತೋರಿಸಿ, ಈ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಹೆಚ್ಚು ಅಂದಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನೇ ತಡೆಹಿಡಿಯಿತು. ಆ ಲೆಕ್ಕ ಎಲ್ಲಿಂದ ಬಂತು, ಮೂಲ ದಾಖಲೆ ತೋರಿಸಿ ಅಂತ ಬೇರೆ ಸಂಶೋಧಕರು ಪಟ್ಟು ಹಿಡಿದರು. ಅಂಕಿಅಂಶ ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ಪ್ರಬಂಧ ರದ್ದಾಯಿತು.

ಹಾಗಾದರೆ ಆ ಮಾತ್ರೆ ಒಳ್ಳೆಯದೇ? ಅದೂ ಅಲ್ಲ. ಇದಕ್ಕೆ ನೆಟ್ಟಗಿನ ಉತ್ತರ ಕೊಟ್ಟದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಿಕವರಿ ಎಂಬ ಪ್ರಯೋಗ. ಪೀಟರ್ ಹಾರ್ಬಿ, ಮಾರ್ಟಿನ್ ಲ್ಯಾಂಡ್ರೆ ಅದರ ಮುಂದಾಳುಗಳು. ಬ್ರಿಟನ್ನಿನ ನೂರಾರು ಸರ್ಕಾರಿ ಆಸ್ಪತ್ರೆಗಳಲ್ಲಿ ದಾಖಲಾದ ರೋಗಿಗಳ ಒಪ್ಪಿಗೆ ಪಡೆದು, ಯಾರಿಗೆ ಯಾವ ಔಷಧ ಅಂತ ಚೀಟಿ ಎತ್ತಿದ ಹಾಗೆ ಹಂಚಿ, ಯಾರು ಬದುಕಿದರು ಅಂತ ಎಣಿಸಿದರು. ಅಷ್ಟೇ. ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಪ್ರಯೋಜನವಿಲ್ಲ ಅಂತ ಜೂನ್ 5ಕ್ಕೆ ಹೇಳಿದರು. ಜೂನ್ 16ಕ್ಕೆ ಇನ್ನೊಂದು ಸುದ್ದಿ: ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೆರಾಯ್ಡ್ ಔಷಧ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಕ್ಸಿಜನ್ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸುತ್ತದೆ.

ಅದೇ ಪ್ರಯೋಗ ಇನ್ನೊಂದು ಮಾತನ್ನೂ ಹೇಳಿತ್ತು. ಆಕ್ಸಿಜನ್ ಬೇಕಿಲ್ಲದ ರೋಗಿಗೆ ಅದರಿಂದ ಲಾಭವಿಲ್ಲ ಅಂತ. ಈ ಎರಡನೆಯ ವಾಕ್ಯ ನಮ್ಮ ಕಡೆ ಬರುವಾಗ ದಾರಿಯಲ್ಲೇ ಬಿದ್ದುಹೋಯಿತು. 2021ರ ಎರಡನೇ ಅಲೆಯಲ್ಲಿ ಮನೆಯಲ್ಲೇ ಇದ್ದ ಸಣ್ಣ ಜ್ವರದವರೂ ಮೆಡಿಕಲ್ ಶಾಪಿನಿಂದ ಸ್ಟೆರಾಯ್ಡ್ ತಂದು ನುಂಗಿದರು. ಆಮೇಲೆ ಬಂದ ಕಪ್ಪು ಶಿಲೀಂಧ್ರ ರೋಗಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ಮನಬಂದಂತೆ ಸ್ಟೆರಾಯ್ಡ್ ಬಳಸಿದ್ದೂ ಕಾರಣ ಅಂತ ವೈದ್ಯರು ಹೇಳಿದರು. ಅರ್ಧ ಸಂಶೋಧನೆ ಹಳ್ಳಿಗೆ ತಲುಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮಗೆ ಇದಕ್ಕಿಂತ ಕಹಿ ಉದಾಹರಣೆ ಸಿಕ್ಕಿಲ್ಲ.

ಬೆಂಗಳೂರಿನಲ್ಲೂ ಕೆಲಸ ನಡೆಯಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವೈರಸ್ಸಿನ ರೂಪಾಂತರಗಳನ್ನು ಹಿಂಬಾಲಿಸಲು ಹತ್ತು ಪ್ರಯೋಗಾಲಯಗಳ ಕೂಟ ಕಟ್ಟಿದಾಗ ಅದರಲ್ಲಿ ನಿಮ್ಹಾನ್ಸ್ ಒಂದು, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ ಇನ್ನೊಂದು. ಮಾನಸಿಕ ಆಸ್ಪತ್ರೆ ಅಂತಲೇ ನಮ್ಮ ಜನಕ್ಕೆ ಗೊತ್ತಿರುವ ನಿಮ್ಹಾನ್ಸ್‌ನಲ್ಲಿ ವೈರಸ್ ಓದುವ ಒಳ್ಳೆಯ ವಿಭಾಗವಿದೆ ಅನ್ನುವುದು ಎಷ್ಟೋ ಮಂದಿಗೆ ತಿಳಿದದ್ದೇ ಆಗ.

ಆದರೆ ಕೊರೊನಾಗೆ ಸಂಬಂಧವಿಲ್ಲದ ಸಂಶೋಧನೆ ಮಾಡುತ್ತಿದ್ದವರ ಗತಿ? ಅವರ ಬಗ್ಗೆ ಯಾರೂ ಹೆಚ್ಚು ಬರೆಯಲಿಲ್ಲ. 2020ರ ಮಾರ್ಚ್‌ನಲ್ಲಿ ಹೊರದೇಶಗಳ ಹಲವು ಪ್ರಯೋಗಾಲಯಗಳು, ನೋಡಿಕೊಳ್ಳಲು ಜನರಿಲ್ಲ ಅಂತ, ವರ್ಷಗಟ್ಟಲೆ ಸಾಕಿದ್ದ ಇಲಿಗಳನ್ನು ಸಾವಿರಗಟ್ಟಲೆ ಕೊಲ್ಲಬೇಕಾಯಿತು. ನಮ್ಮಲ್ಲಿ ಜಾನಪದ, ಸಮಾಜಶಾಸ್ತ್ರ, ಇತಿಹಾಸದ ಪಿಎಚ್.ಡಿ. ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೋಗುವಂತಿಲ್ಲ, ಗ್ರಂಥಾಲಯ ತೆರೆಯುವಂತಿಲ್ಲ. ಊರ ಗಡಿಗೆ ಮುಳ್ಳು ಹಾಕಿ ಹೊರಗಿನವರು ಬರಬೇಡಿ ಅಂದ ಕಾಲದಲ್ಲಿ ನೋಟ್‌ಬುಕ್ ಹಿಡಿದು ಅಜ್ಜಿಯಿಂದ ಹಾಡು ಕೇಳಲು ಹೋಗುವುದು ಹೇಗೆ? ಯುಜಿಸಿ ಆರಾರು ತಿಂಗಳು ಗಡುವು ವಿಸ್ತರಿಸಿತು. ಫೆಲೋಶಿಪ್ ಹಣ ಮಾತ್ರ ಎಲ್ಲರಿಗೂ ಹಾಗೆ ಹಿಗ್ಗಲಿಲ್ಲ. ಮತ್ತು ಹಾಡು ಹೇಳುವ ಹಿರಿಯರಲ್ಲಿ ಕೆಲವರು ಎರಡನೇ ಅಲೆ ಮುಗಿಯುವ ಹೊತ್ತಿಗೆ ಇರಲಿಲ್ಲ.

ಮನೆಯಿಂದ ಸಂಶೋಧನೆ ಅಂದಾಗ ಮನೆ ಯಾರ ಹೆಗಲ ಮೇಲಿತ್ತು ಅನ್ನುವುದೂ ಲೆಕ್ಕಕ್ಕೆ ಬಂತು. ಅಮೆರಿಕ, ಯುರೋಪಿನ ವಿಜ್ಞಾನಿಗಳನ್ನು 2020ರ ಏಪ್ರಿಲ್‌ನಲ್ಲಿ ಕೇಳಿದಾಗ, ಸಂಶೋಧನೆಗೆ ಸಿಗುವ ಸಮಯವನ್ನು ಹೆಚ್ಚು ಕಳೆದುಕೊಂಡವರು ಮಹಿಳೆಯರು, ಅದರಲ್ಲೂ ಚಿಕ್ಕ ಮಕ್ಕಳ ತಾಯಂದಿರು ಅಂತ ಗೊತ್ತಾಯಿತು. ಅಲ್ಲೇ ಹಾಗಾದರೆ ಇಲ್ಲಿ ಹೇಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಲಾಕ್‌ಡೌನ್ ಶುರುವಿನಲ್ಲಿ ಒಂದು ಮೆಸೇಜು ಎಲ್ಲ ಗ್ರೂಪುಗಳಲ್ಲೂ ಬಂದಿತ್ತು. ನ್ಯೂಟನ್ ಪ್ಲೇಗ್ ಕಾಲದಲ್ಲಿ ಊರಿಗೆ ಹೋಗಿ ಗುರುತ್ವಾಕರ್ಷಣೆ ಕಂಡುಹಿಡಿದ, ನೀವು ಮನೆಯಲ್ಲಿ ಕೂತು ಏನು ಮಾಡುತ್ತಿದ್ದೀರಿ ಅಂತ. ಮೇಷ್ಟ್ರುಗಳೂ ಅದನ್ನು ಕಳಿಸಿದ್ದರು. ಈ ಮೆಸೇಜಿಗೆ ಒಂದು ಉತ್ತರ ಬಾಕಿಯಿತ್ತು.

1665ರಲ್ಲಿ ಪ್ಲೇಗ್ ಹಬ್ಬಿ ಕೇಂಬ್ರಿಡ್ಜ್ ಮುಚ್ಚಿದ್ದು ನಿಜ. ನ್ಯೂಟನ್ ವೂಲ್ಸ್‌ಥಾರ್ಪ್ ಎಂಬ ತನ್ನ ಹಳ್ಳಿಗೆ ಮರಳಿದ್ದೂ, ಅಲ್ಲಿ ಗಣಿತ, ಬೆಳಕು, ಗುರುತ್ವದ ಬಗ್ಗೆ ದೊಡ್ಡ ಕೆಲಸ ಮಾಡಿದ್ದೂ ನಿಜ. ಆದರೆ ಗಣಿತದ ಆ ಕೆಲಸ ಕೇಂಬ್ರಿಡ್ಜ್‌ನಲ್ಲೇ ಶುರುವಾಗಿತ್ತು. ಜೊತೆಗೆ, ಅವನಿಗೆ ಹೊಲಮನೆ, ಆಳುಕಾಳು ಇದ್ದ ತಾಯಿಯ ಮನೆಯಿತ್ತು. ದುಡಿಯಲೇಬೇಕಾದ ದರ್ದು ಇರಲಿಲ್ಲ. ಅದಕ್ಕೂ ಮುಂಚೆ ಹದಿನೇಳನೇ ವಯಸ್ಸಿನಲ್ಲಿ ತಾಯಿ ಅವನನ್ನು ರೈತನನ್ನಾಗಿ ಮಾಡಲು ಶಾಲೆ ಬಿಡಿಸಿ ನೋಡಿದ್ದಳು. ಅವನ ಕುರಿಗಳು ಬೇರೆಯವರ ಹೊಲಕ್ಕೆ ನುಗ್ಗಿದ್ದಕ್ಕೆ 1659ರಲ್ಲಿ ದಂಡ ಬಿದ್ದ ದಾಖಲೆ ಇವತ್ತಿಗೂ ಇದೆ! ಬೇಸಾಯಕ್ಕೆ ಆಗದವನು ಅಂತ ಮತ್ತೆ ಓದಲು ಕಳಿಸಿದರು. ನಮ್ಮ ಜೊತೆಗಾರರಲ್ಲಿ ಎಷ್ಟೋ ಮಂದಿ 2020ರಲ್ಲಿ ಊರಿಗೆ ಬಂದು ನರೇಗಾ ಕೂಲಿಗೆ ಹೋದರು, ಹೊಲದಲ್ಲಿ ಶುಂಠಿ ಕಿತ್ತರು. ನ್ಯೂಟನ್ನನಿಗಿಂತ ಕುರಿಯನ್ನು ಚೆನ್ನಾಗಿಯೇ ಕಾಯ್ದರು.

ನಿಜಕ್ಕೂ ಹೇಳಬೇಕಾದ ವಿಜ್ಞಾನಿಯ ಕಥೆ ಕ್ಯಾಟಲಿನ್ ಕರಿಕೊ ಅವರದು. ಹಂಗೇರಿಯ ಸಣ್ಣ ಪಟ್ಟಣವೊಂದರ ಕಟುಕನ ಮಗಳು, ನಲ್ಲಿ ನೀರಿಲ್ಲದ ಮಣ್ಣಿನ ಮನೆಯಲ್ಲಿ ಬೆಳೆದವರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎ ಬಗ್ಗೆ ಕೆಲಸ ಮಾಡುತ್ತಿದ್ದಾಗ ಅನುದಾನ ತರಲಿಲ್ಲ ಅಂತ 1995ರಲ್ಲಿ ಅವರಿಗೆ ಹಿಂಬಡ್ತಿ ಕೊಟ್ಟರು. ಜೆರಾಕ್ಸ್ ಯಂತ್ರದ ಮುಂದೆ ಪರಿಚಯವಾದ ಡ್ರೂ ವೈಸ್‌ಮನ್ ಜೊತೆ ಸೇರಿ 2005ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ. ಹದಿನೈದು ವರ್ಷದ ಮೇಲೆ ಅದೇ ಕೋಟಿ ಕೋಟಿ ಜನರ ತೋಳಿಗೆ ಚುಚ್ಚಿದ ಲಸಿಕೆಗೆ ಬುನಾದಿಯಾಯಿತು. 2023ರಲ್ಲಿ ಇಬ್ಬರಿಗೂ ನೊಬೆಲ್. ಲಸಿಕೆ ಒಂದೇ ವರ್ಷದಲ್ಲಿ ಬಂತು ಅನ್ನುವವರು ಈ ಹಿಂಬಡ್ತಿಯ ವರ್ಷಗಳನ್ನೂ ಸೇರಿಸಿ ಎಣಿಸಬೇಕು.

ವೈದ್ಯಕೀಯ ವಿದ್ಯಾರ್ಥಿಗಳ ಪಾಡು ಬೇರೆಯೇ. ಹಲವರ ಕಾಲೇಜೇ ಕೋವಿಡ್ ಆಸ್ಪತ್ರೆಯಾಯಿತು. ಎರಡನೇ ಅಲೆ ಏರಿದಾಗ, 2021ರ ಮೇ 3ರಂದು, ಸ್ನಾತಕೋತ್ತರ ನೀಟ್ ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಿ, ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನೂ ಸೌಮ್ಯ ಲಕ್ಷಣದ ರೋಗಿಗಳ ಸೇವೆಗೆ ಬಳಸಿಕೊಳ್ಳಲು ಕೇಂದ್ರ ನಿರ್ಧರಿಸಿತು. ಆ ಪರೀಕ್ಷೆ ಸೆಪ್ಟೆಂಬರ್‌ನಲ್ಲಿ ನಡೆಯಿತು, ಸೀಟು ಹಂಚಿಕೆ ಶುರುವಾದದ್ದು 2022ರ ಜನವರಿಯಲ್ಲಿ. ಒಂದಿಡೀ ತಂಡದ ಕಿರಿಯ ವೈದ್ಯರು ಬರದೆ, ಇದ್ದವರೇ ಎರಡು ಪಾಲು ದುಡಿದರು.

ಚೀನಾದಲ್ಲಿ ಓದುತ್ತಿದ್ದ ಸಾವಿರಾರು ಭಾರತೀಯರಿಗೆ ವೀಸಾ ಮತ್ತೆ ಸಿಗತೊಡಗಿದ್ದು 2022ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಅವರು ಶರೀರಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯನ್ನೂ ಲ್ಯಾಪ್‌ಟಾಪಿನಲ್ಲೇ ಕಲಿತರು. ಹಾಗೆ ಓದು ಮುಗಿಸಿ ಪದವಿ ಪಡೆದವರು ಇಲ್ಲಿ ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ರೋಗಿಯ ಮೈ ಮುಟ್ಟದೆ ವೈದ್ಯರಾಗಲು ಬರುವುದಿಲ್ಲ, ಆಯೋಗ ಹೇಳಿದ್ದು ನಮಗೆ ಸರಿ ಅನ್ನಿಸುತ್ತದೆ. ಆದರೆ ಸಾಲ ಮಾಡಿ ಓದಿಸಿದ ಮನೆಗಳಿಗೆ ಆ ಒಂದು ವರ್ಷದ ಬಡ್ಡಿಯನ್ನು ಯಾರೂ ಮನ್ನಾ ಮಾಡಲಿಲ್ಲ.

ಕೆಲವು ಬದಲಾವಣೆ ಉಳಿದುಕೊಂಡವು. ಪಿಎಚ್.ಡಿ. ವೈವಾ ಈಗ ವಿಡಿಯೋದಲ್ಲಿ ನಡೆಯುತ್ತದೆ, ದೆಹಲಿಯ ಪರೀಕ್ಷಕರಿಗೆ ವಿಮಾನ ಟಿಕೆಟ್ ಮಾಡಿಸಬೇಕಿಲ್ಲ. 2021ರಲ್ಲಿ ಯುಜಿಸಿ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ನೂರಕ್ಕೆ 40ರಷ್ಟನ್ನು ಸ್ವಯಂ ತಾಣದಲ್ಲಿ ಆನ್‌ಲೈನ್ ಕಲಿಯಬಹುದು ಅಂತ ಮಾಡಿತು, ಮೊದಲು ಅದು 20 ಇತ್ತು. ಹಂಪಿಯ ಉಪನ್ಯಾಸವನ್ನು ಬೀದರಿನವರೂ ಕೇಳಬಹುದಾದದ್ದು ಲಾಭವೇ. ವೆಬಿನಾರ್ ಎಂಬ ಜಾತ್ರೆಯೂ ಉಳಿಯಿತು. ಹೆಸರು ನೋಂದಾಯಿಸಿ ಹತ್ತು ನಿಮಿಷ ಕೂತರೆ ಮಿಂಚಂಚೆಗೆ ಬಣ್ಣದ ಪ್ರಮಾಣಪತ್ರ. ನಮ್ಮ ಬಳಗದ ಒಬ್ಬರ ಬಳಿ ಅಂಥವು ನಲವತ್ತಕ್ಕೂ ಹೆಚ್ಚಿವೆ. ಇದುವರೆಗೆ ಯಾರೂ ಕೇಳಿಲ್ಲ.

ಕೇಳುವುದು ಅಂಕಪಟ್ಟಿಯನ್ನು. ಕೆಲಸದ ಸಂದರ್ಶನಕ್ಕೆ ಹೋದರೆ ಎದುರಿನವರು ಪುಟ ತಿರುವಿ, 2020, 2021 ಎಂಬ ಇಸವಿಯ ಮೇಲೆ ಬೆರಳಿಟ್ಟು, ಕತ್ತೆತ್ತಿ, "ಓ, ಕೊರೊನಾ ಬ್ಯಾಚಾ?" ಅನ್ನುತ್ತಾರೆ. ಹೌದು ಅನ್ನುತ್ತೇವೆ. ಪುಕ್ಕಟೆ ಪಾಸಾದವರು ಅಂತ ಅವರ ಮುಖದಲ್ಲಿ ಓದಬಹುದು. ಆ ಎಂಟು ತಿಂಗಳು ನೀವು ಯಾವ ಗುಡ್ಡ ಹತ್ತುತ್ತಿದ್ದಿರಿ ಅಂತ ಇನ್ನೂ ಯಾರೂ ಕೇಳಿಲ್ಲ.